ಮೂರನೆಯ ಚಾಕುವಿನ ತೆರಿ

ಬೇಸಿಗೆ ಸೂಟಿ ಬಂತೆಂದರೆ ಎರಡು ತಿಂಗಳು ಕಾಲಿಗೆ ಶೂ ಇಲ್ಲ, ಬಾಯಿಗೆ ಇಂಗ್ಲಿಷ್ ಇಲ್ಲ. ನಮಗೆ ಅಷ್ಟೇ ಸ್ವರ್ಗ ಅನ್ನಿಸುತ್ತಿದ್ದ ಕಾಲವದು. ಹುಬ್ಬಳ್ಳಿಯ ಕಾನ್ವೆಂಟ್ ಹಾಸ್ಟೆಲ್ಲಿನಿಂದ ಗಜೇಂದ್ರಗಡಕ್ಕೆ ಬಂದಿಳಿದ ಮರುದಿನವೇ ನಾನು ಪಕ್ಕದ ಕುಲುಮೆಯಲ್ಲಿರುತ್ತಿದ್ದೆ. ಅಪ್ಪ ಸರ್ಕಾರಿ ದವಾಖಾನೆಯ ಡಾಕ್ಟರು. ನಮ್ಮ ಕ್ವಾರ್ಟರ್ಸಿನ ಗೋಡೆಗೆ ಹತ್ತಿಕೊಂಡೇ ಹುಸೇನಸಾಬ ಕಾಕಾನ ಕುಲುಮೆ. ಅವರ ಮಗಳು ರಜಿಯಾ ನನಗಿಂತ ಎರಡು ವರ್ಷ ದೊಡ್ಡವಳು. ಗಜಗ ಆಡುವಾಗ ಅವಳು ಐದೂ ಕಾಯಿಗಳನ್ನು ಹಾರಿಸಿ ಅಂಗೈ ಹಿಂಬದಿಯಲ್ಲಿ ಹಿಡಿಯುತ್ತಿದ್ದಳು. ನನಗೆ ಎರಡು ಸಿಕ್ಕರೆ ಹಬ್ಬ.

ಕಾಕಾ ಕುಡುಗೋಲು, ಕೊಡಲಿ ಎಲ್ಲ ಮಾಡುತ್ತಿದ್ದರು. ಆದರೆ ಬೆಳವಣಕಿ, ನರೇಗಲ್ಲಿನಿಂದ ಜನ ಹುಡುಕಿಕೊಂಡು ಬರುತ್ತಿದ್ದುದು ಅವರ ಚಾಕುವಿಗೆ. ಅದರ ಅಲಗಿನ ಗುಂಟ ಬಿಳಿ ಅಲೆಯಂಥ ಒಂದು ಗೆರೆ. 'ತೆರಿ' ಅನ್ನುತ್ತಿದ್ದರು. ಬಣ್ಣವಲ್ಲ, ಕೆತ್ತಿದ್ದಲ್ಲ, ಉಕ್ಕಿನೊಳಗಿನಿಂದಲೇ ಬಂದದ್ದು. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಜಪಾನಿನ ಕತ್ತಿ ತೋರಿಸಿ, "ಅಜ್ಜಿ, ಲುಕ್, ಇದಕ್ಕೆ ಹಮೋನ್ ಅಂತಾರೆ" ಅಂದಳು. ನೋಡಿದರೆ ಕಾಕಾನ ತೆರಿ! ಅದು ಅಲ್ಲಿಂದ ಗಜೇಂದ್ರಗಡಕ್ಕೆ ಹೇಗೆ ಬಂತೋ, ಕಾಕಾ ತಾವೇ ಕಂಡುಕೊಂಡರೋ, ನನಗೆ ತಿಳಿಯದು.

ಮಾಡುವುದನ್ನು ಮಾತ್ರ ನೋಡಿದ್ದೇನೆ. ಎರೆಮಣ್ಣಿಗೆ ಇದ್ದಿಲ ಪುಡಿ, ಬೂದಿ ಕಲಸಿ ಚಾಕುವಿನ ಬೆನ್ನಿಗೆ ದಪ್ಪಗೆ ಮೆತ್ತುವುದು. ಕೊಯ್ಯುವ ಅಲಗನ್ನು ಬರಿದಾಗಿ ಬಿಡುವುದು. ಮಣ್ಣಿನ ಅಂಚನ್ನು ಬೆರಳಿನಿಂದ ಅಲೆಯ ಹಾಗೆ ತಿದ್ದಿ, ನೆರಳಲ್ಲಿ ಒಣಗಿಸಿ, ಕೆಂಪಗೆ ಕಾಸಿ ನೀರಿಗೆ ಅದ್ದುವುದು. ಅಲಗು ತಟ್ಟನೆ ಆರಿ ಗಟ್ಟಿಯಾಗುತ್ತದೆ. ಮಣ್ಣು ಹೊದ್ದ ಬೆನ್ನು ನಿಧಾನವಾಗಿ ಆರಿ ಮೆತ್ತಗೆ ಉಳಿಯುತ್ತದೆ. ಎರಡೂ ಕೂಡುವಲ್ಲಿ ತೆರಿ. ಮಸೆದು ಹುಣಸೆಹುಳಿ ಹಚ್ಚಿ ತಿಕ್ಕಿದಾಗ ಅದು ಮೆಲ್ಲಗೆ, ಹಾಲಿಗೆ ಕೆನೆ ಕಟ್ಟಿದ ಹಾಗೆ ಕಾಣಿಸಿಕೊಳ್ಳುತ್ತಿತ್ತು.

ಒಂದು ಬೇಸಿಗೆಯ ಹೊತ್ತಿಗೆ ಕಾಕಾನ ಬೆರಳುಗಳು ನಡುಗತೊಡಗಿದ್ದವು. ಮಣ್ಣು ಹಚ್ಚುವ ಕೆಲಸ ತನಗೆ ಕೊಡಿ ಎಂದು ರಜಿಯಾ ಬೆನ್ನುಹತ್ತಿದಳು. ಅವಳನ್ನು ಹೊಲಿಗೆ ಕಲಿಯಲು ನರಗುಂದದ ಚಿಕ್ಕಮ್ಮನ ಮನೆಗೆ ಕಳಿಸುವ ಮಾತು ಆಗಲೇ ನಡೆದಿತ್ತು.

"ಮೂರು ಚಾಕು ಕೊಡ್ತೀನಿ," ಅಂದರು ಕಾಕಾ. "ಮೂರೂ ಚಲೋ ಬಂದ್ರ ಕುಲುಮ್ಯಾಗ ಇರು. ಒಂದ ಕೆಟ್ರೂ ಸೂಜಿ ಹಿಡಿ."

"ಒಂದೂ ಕೆಡಂಗಿಲ್ಲ ಅಬ್ಬಾ."

"ಬಾಯಿ ನೋಡ ಇದರದು! ಕುಲುಮಿ ಊದಾಕ ತಿದಿನ ಬ್ಯಾಡ, ಇದ ಸಾಕು."

ಮರುದಿನ ಮಧ್ಯಾಹ್ನ ಮೂರೂ ಚಾಕುಗಳು ಹಲಗೆಯ ಮೇಲೆ ಒಣಗುತ್ತಿದ್ದವು. ರಜಿಯಾ ರೊಟ್ಟಿ ತಿನ್ನಲು ಒಳಗೆ ಹೋಗುತ್ತ ನನ್ನನ್ನು ಕಾವಲಿಗೆ ಕೂಡಿಸಿದಳು. "ಬೇಬಿ, ಕೋಳಿ ಬಂದ್ರ ಹುಶ್ ಅನ್ನು. ಕೈ ಹಚ್ಚಬ್ಯಾಡ ಮತ್ತ."

ಕೂತೆ. ಒಳಗಿನಿಂದ ಶೇಂಗಾ ಚಟ್ನಿಯ ವಾಸನೆ, ಹೊರಗೆ ಹಸಿ ಮಣ್ಣಿನ ವಾಸನೆ. ಮೂರನೆಯ ಚಾಕುವಿನ ಅಂಚು ಉಳಿದೆರಡಕ್ಕಿಂತ ವಕ್ರವಾಗಿ ಕಂಡಿತು. ನಮ್ಮ ಸ್ಕೂಲಿನಲ್ಲಿ ಮಾರ್ಜಿನ್ ಸೊಟ್ಟಗಾದರೆ ಸಿಸ್ಟರ್ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಪಾಪ, ರಜಿಯಾ ಅವಸರದಲ್ಲಿ ಕೆಡಿಸಿದ್ದಾಳೆ ಎಂದುಕೊಂಡೆ. ಮನೆಗೆ ಓಡಿ ಕಟ್ಟಿಗೆಯ ಸ್ಕೇಲು ತಂದೆ. ಅರೆ ಒಣಗಿದ ಮಣ್ಣಿನ ಅಂಚಿಗೆ ಅದನ್ನು ಒತ್ತಿ ಹಿಡಿದು ನೆಟ್ಟಗೆ ಕೆರೆದೆ. ಬೆನ್ನಿನ ಮಣ್ಣೂ ಎರಡು ಕಡೆ ಎದ್ದು ಬಂತು; ಉಗುಳು ಹಚ್ಚಿ ಅಂಟಿಸಿದೆ. ವೆರಿ ನೀಟ್! ಅವಳಿಗೆ ದೊಡ್ಡ ಉಪಕಾರ ಮಾಡಿದ ಖುಷಿ ನನಗೆ.

ಸಂಜೆ ಕಾಕಾ ಮೂರನ್ನೂ ಕಾಸಿ ನೀರಿಗೆ ಅದ್ದಿದರು. ಕುಲುಮೆಯ ಮಬ್ಬಿನಲ್ಲಿ ನಾನು ತಿದ್ದಿದ ಅಂಚು ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲನೆಯದು ಸುಂಯ್ ಅಂದಿತು. ಎರಡನೆಯದೂ ಹಾಗೇ. ಮೂರನೆಯದು ಟಣ್ ಅಂದಿತು.

ಕಾಕಾ ಅದನ್ನು ಬೆಳಕಿಗೆ ಹಿಡಿದರು. ಅಲಗಿನಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಸೀಳು. "ಮಣ್ಣ ನಿಂತಿಲ್ಲ, ಬೆನ್ನೂ ತಟ್ಟನ ಆರಿ ಸೀಳೈತಿ. ತೆಳ್ಳಗ ಹಚ್ಚಿದಿ."

"ದಪ್ಪಗ ಹಚ್ಚಿದ್ದೆ ಅಬ್ಬಾ." ರಜಿಯಾ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಹಚ್ಚೀನಿ ಅನ್ಕೊಂಡಿದ್ದೆ."

"ಬೇಬಿ, ನೀ ಕುಂತಿದ್ದೆಲ್ಲ, ಕೋಳಿ ಏನರ ಬಂದಿತ್ತೇನು?"

"ಇಲ್ಲ ಕಾಕಾ."

ಅದು ನಿಜವೇ ಆಗಿತ್ತು. ನನ್ನ ಸ್ಕೇಲಿಗೂ ಆ ಟಣ್ ಎಂಬ ಸದ್ದಿಗೂ ಸಂಬಂಧವಿದೆ ಎಂದು ಆಗ ನನಗೆ ಹೊಳೆದಿತ್ತೇ? ಹೊಳೆದೂ ಸುಮ್ಮನಿದ್ದೆನೇ? ಎಪ್ಪತ್ತು ದಾಟಿದ ಮೇಲೂ ಖಾತ್ರಿಯಾಗಿ ಹೇಳಲಾರೆ. ಸ್ಕೇಲನ್ನು ಮಾತ್ರ ಅಂದೇ ತೊಳೆದಿಟ್ಟದ್ದು ನೆನಪಿದೆ. ಮುಂದಿನ ವಾರ ರಜಿಯಾ ನರಗುಂದದ ಬಸ್ಸು ಹತ್ತಿದಳು. ಕಿಟಕಿಯಿಂದ ನನಗೆ ಟಾಟಾ ಮಾಡಿದಳು.

ಬಹಳ ವರ್ಷಗಳ ಮೇಲೆ ನರಗುಂದಕ್ಕೆ ಒಂದು ಮದುವೆಗೆ ಹೋದಾಗ, ಬ್ಲೌಸ್ ಹೊಲಿಸುವ ನೆವ ಮಾಡಿ ಅವಳ ಅಂಗಡಿ ಹುಡುಕಿದೆ. ಕೊರಳಿಗೆ ಟೇಪು, ತಲೆಯೆಲ್ಲ ಬೆಳ್ಳಗೆ.

"ಯವ್ವಾ, ಬೇಬಿ! ನೀನೂ ಮುದುಕಿ ಆದೆಲ್ಲ!"

ಚಹಾ ತರಿಸಿದಳು. ಕಾಕಾ ಹೋದ ಮೇಲೆ ಕುಲುಮೆ ಮುಚ್ಚಿತೆಂದಳು. ನಾನು ಧೈರ್ಯ ಮಾಡಿ, "ಆ ಮೂರನೇ ಚಾಕು ನೆನಪೈತೇನ?" ಅಂದೆ.

"ಅದನ್ನ ಹ್ಯಾಂಗ ಮರೀಲಿ? ನನ್ನ ಕೈ ನನಗ ಸುಳ್ಳು ಹೇಳಿದ್ದು ಅವತ್ತ ಒಂದ ದಿವಸ. ದಪ್ಪ ಹಚ್ಚೀನಿ ಅಂತ ಖರೇನ ತಿಳದಿದ್ದೆ. ಅದಕ ನೋಡ, ಇವತ್ತಿಗೂ ಅರಿಬಿ ಕತ್ತರಸೂ ಮುಂದ ಎರಡ ಸಲ ಅಳೀತೀನಿ." ನಕ್ಕಳು. "ಹಂಗಾಗೇ ಧಂದೆ ಚಲೋ ನಡದೈತಿ."

ನಾನು ಬಾಯಿ ತೆರೆದೆ. "ತೋಳು ಸ್ವಲ್ಪ ಲೂಸ್ ಇರಲಿ," ಅಂದೆ.

ಅವಳು ನನ್ನ ತೋಳನ್ನು ಎರಡು ಸಲ ಅಳೆದಳು.

ಹೋದ ವರ್ಷ ರಜಿಯಾ ತೀರಿಕೊಂಡಳೆಂದು ತಿಳಿಯಿತು. ಗಜೇಂದ್ರಗಡದಲ್ಲಿ ಈಗ ತೆರಿಯ ಚಾಕು ಮಾಡುವವರು ಯಾರೂ ಇಲ್ಲವಂತೆ. ಆ ಚಾಕು ನನ್ನಿಂದಲೇ ಸೀಳಿತೋ, ಹೇಗೂ ಸೀಳುತ್ತಿತ್ತೋ, ಕೇಳೋಣವೆಂದರೆ ಬಲ್ಲವರೂ ಉಳಿದಿಲ್ಲ. ಆದರೆ ಅವಳು ಮಣ್ಣನ್ನು ದಪ್ಪಗೇ ಹಚ್ಚಿದ್ದಳು. ಅದನ್ನು ಕಣ್ಣಾರೆ ನೋಡಿದವಳು ನಾನೊಬ್ಬಳೇ.