ಡೆಲ್ಫಿನಾಳ ಕೆಂಪು ದಾರ

ಡೆಲ್ಫಿನಾ ಅರ್ರೂಡಾಳ ಕೋಪದ ಬಿಸಿ ಮುಟ್ಟದವರು ಕಟ್ಲರ್ಸ್ ನೆಕ್ ಬಂದರಿನಲ್ಲಿ ಯಾರೂ ಇರಲಿಲ್ಲ. ಐಸ್ ಕಡಿಮೆ ಕೊಟ್ಟವನು, ಅವಳ ದೋಣಿಗೆ ಒರಗಿಸಿ ತನ್ನ ದೋಣಿ ಕಟ್ಟಿದವನು, ಹಳೆಯ ಮೀನನ್ನು ಹೊಸದೆಂದು ಮಾರಲು ಬಂದವನು, ಎಲ್ಲರೂ ಉಂಡಿದ್ದರು. ಆದರೆ ಆ ಕೋಪದ ಬೇರು ಎಲ್ಲಿದೆ ಎಂದು ಹುಡುಕಿದವರಿಲ್ಲ. ಅದೇನು ನೆಲದೊಳಗೆ ಹೂತಿರಲಿಲ್ಲ. ಶಾರ್ಕ್ ಸಂಘದ ಗೋಡೆಗೆ ಹೊಡೆದ ಓಕ್ ಹಲಗೆಯ ಮೇಲೆ, ಎಲ್ಲರ ಕಣ್ಣೆದುರಿಗೇ ಇತ್ತು.

ಆ ಹಲಗೆಯ ಮೇಲೆ ಪ್ರತಿ ಜುಲೈ ಪಂದ್ಯದಲ್ಲಿ ಎಲ್ಲಕ್ಕಿಂತ ಭಾರದ ಶಾರ್ಕ್ ಹಿಡಿದವರ ಹೆಸರು, ಅದರ ತೂಕ. ಮೇಲಿಂದ ಒಂಬತ್ತನೆಯ ಸಾಲು: ‘ಝೆಫೆರಿನೊ ಅರ್ರೂಡಾ, 402 ಪೌಂಡು’. ಝೆಫೆರಿನೊ ಅವಳ ಗಂಡ. ಆ ಮೀನು ಹಿಡಿದವಳು ಮಾತ್ರ ಅವಳು.

ಆಗ ಅವಳಿಗೆ ಇಪ್ಪತ್ತೇಳು. ಫಾಲ್ ರಿವರ್‌ನ ಬಟ್ಟೆ ಗಿರಣಿಯಲ್ಲಿ ತಾಯಿಯ ಪಕ್ಕ ಕೂತು ಕೋಟಿಗೆ ಅಸ್ತರಿ ಹೊಲಿಯುತ್ತಿದ್ದವಳು, ಮದುವೆಯಾಗಿ ನೀರಿಗೆ ಬಂದಿದ್ದಳು. ಎರಡೂಮುಕ್ಕಾಲು ಗಂಟೆ ಗಾಳದ ಕೋಲು ಹಿಡಿದು ನಿಂತಿದ್ದಳು. ಮೀನು ಕಚ್ಚಿದ ಮೇಲೆ ಇನ್ನೊಬ್ಬರು ಕೋಲು ಮುಟ್ಟಿದರೆ ಆ ಮೀನು ಲೆಕ್ಕಕ್ಕಿಲ್ಲ. ಝೆಫ್ ಮುಟ್ಟಲಿಲ್ಲ, ಚುಕ್ಕಾಣಿ ಬಿಡಲಿಲ್ಲ. ದಡಕ್ಕೆ ಬಂದಾಗ ಸಂಘದವರು ಶಾರ್ಕಿನ ಪಕ್ಕ ಝೆಫ್‌ನನ್ನು ನಿಲ್ಲಿಸಿ ಫೋಟೋ ತೆಗೆದರು. ಇವಳಿಗೆ, “ಒಂದಿಷ್ಟು ಕಾಫಿ ತರ್ತೀಯೇನಮ್ಮ?” ಎಂದರು. ಬೊಬ್ಬೆ ಎದ್ದ ಕೈಯಲ್ಲಿ ಅವಳು ಕಾಫಿ ತಂದಳು. ಝೆಫ್ ಕುಡಿದ.

ಆಮೇಲೆ ಮೂವತ್ತನಾಲ್ಕು ಜುಲೈಗಳು ಬಂದು ಹೋದವು. ಇಬ್ಬರು ಮಕ್ಕಳನ್ನು ಹೆತ್ತು ಸಾಕಿದಳು. ಝೆಫ್‌ನ ಸೊಂಟ ಬಿದ್ದ ಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದು ‘ಸಾಂತಾ ಬಾರ್ಬರಾ’ ದೋಣಿಗೆ ಅವಳೇ ಕ್ಯಾಪ್ಟನ್ ಆದಳು. ಬೇಕಾದಷ್ಟು ಶಾರ್ಕ್ ಹಿಡಿದಳು. ಜುಲೈ ಪಂದ್ಯದ ಎರಡು ದಿನಗಳಲ್ಲಿ ಮಾತ್ರ ಎಲ್ಲಕ್ಕಿಂತ ಭಾರದ್ದು ಇನ್ನೊಬ್ಬರ ಗಾಳಕ್ಕೇ ಬೀಳುತ್ತಿತ್ತು. ತೂಗುವ ಪಂದ್ಯಕ್ಕೆ ಈ ವರ್ಷ ಕೊನೆಯದು. ಮುಂದಿನ ಸಲದಿಂದ ಹಿಡಿದ ಶಾರ್ಕನ್ನು ನೀರಿಗೇ ಬಿಡಬೇಕು, ತೂಗುವ ಹಾಗಿಲ್ಲ. ಹಲಗೆಯಲ್ಲಿ ಉಳಿದದ್ದು ಒಂದೇ ಸಾಲು.

“ಅದು ನಂದು,” ಎಂದಿದ್ದಳು ಡೆಲ್ಫಿನಾ, ಎರಡನೆಯ ದಿನ ಬೆಳಗಿನ ಜಾವ ಹಗ್ಗ ಬಿಚ್ಚುವಾಗ.

ಶಾರ್ಕ್ ಬೇಟೆಯೆಂದರೆ ಕಾಯುವ ಕೆಲಸ. ಇಂಜಿನ್ ನಿಲ್ಲಿಸಿ, ಅರೆದ ಮೀನಿನ ರಕ್ತಗಂಜಿಯನ್ನು ಸೌಟು ಸೌಟಾಗಿ ನೀರಿಗೆ ಬಿಡುತ್ತಿರಬೇಕು. ನೀರಿನ ಮೇಲೆ ಎಣ್ಣೆಜಾಡು ಮೈಲಿಗಟ್ಟಲೆ ಹರಿಯುತ್ತದೆ. ಶಾರ್ಕ್ ಎಲ್ಲೋ ದೂರದಲ್ಲಿ ವಾಸನೆ ಹಿಡಿದು ಆ ಜಾಡಿನಲ್ಲೇ ದೋಣಿಯತ್ತ ಬರುತ್ತದೆ. ಡೆಲ್ಫಿನಾಳದು ಇನ್ನೂ ಒಂದು ಕೈ ಹೆಚ್ಚಿನ ಕೆಲಸ. ಮ್ಯಾಕರೋನಿ ಬೇಯಿಸಿ, ಮೀನೆಣ್ಣೆಯಲ್ಲಿ ನೆನೆಸಿ, ಬಂಗಡೆಯ ಹೊಟ್ಟೆಗೆ ತುಂಬಿ, ಕೆಂಪು ದಾರದಲ್ಲಿ ಅಡ್ಡಹೊಲಿಗೆ ಹಾಕಿ, ಅರ್ಧ ಗಂಟೆಗೊಂದರಂತೆ ಆ ಎಣ್ಣೆಜಾಡಿನಲ್ಲಿ ಬಿಡುತ್ತಿದ್ದಳು. ಎಣ್ಣೆ ನಿಧಾನ ಜಿನುಗಬೇಕೆಂದು. “ಶಾರ್ಕಿಗೆ ಭಾನುವಾರದ ಊಟ ಬಡಿಸ್ತಾಳೆ ನಮ್ಮ ಡೆಲ್,” ಎಂದು ಬಂದರೆಲ್ಲ ನಗುತ್ತಿತ್ತು.

ಇನ್ನೊಬ್ಬರ ಜಾಡನ್ನು ಯಾರೂ ದಾಟುವುದಿಲ್ಲ. ಅದನ್ನು ಯಾರೂ ಬರೆದಿಟ್ಟಿಲ್ಲ. ಉಂಡ ತಟ್ಟೆಗೆ ಉಗಿಯಬಾರದೆಂದು ಯಾರಾದರೂ ಬರೆದಿಡುತ್ತಾರೆಯೇ?

ಆರು ಗಂಟೆ ಕಾಲ ಗಂಜಿ ಸುರಿದಿದ್ದಳು. ಹನ್ನೊಂದು ಬಂಗಡೆ ಬಿಟ್ಟಾಗಿತ್ತು. ಅರ್ಧ ಮೈಲಿ ಆಚೆ, ಜಾಡಿನ ನಡುವೆ ನೀಲಿ ಬೆನ್ನು ಎದ್ದು ಮುಳುಗಿತು. ಮಾಕೋ ಶಾರ್ಕ್. ನಾನೂರು ಪೌಂಡಿನ ಮೇಲೆಯೇ.

“ಬಂತು ಕಣೇ,” ಎಂದ ಚುಕ್ಕಾಣಿಯ ಬಳಿ ಕೂತಿದ್ದ ಝೆಫ್.

ಅಷ್ಟರಲ್ಲಿ ಪಶ್ಚಿಮದಿಂದ ಒಂದು ಬಿಳಿಯ ದೊಡ್ಡ ದೋಣಿ ಬಂದು, ಮೀನಿಗೂ ಇವರಿಗೂ ನಡುವೆ, ಜಾಡಿನ ಮೇಲೆಯೇ ಇಂಜಿನ್ ಆರಿಸಿ ನಿಂತಿತು. ರಾಯ್ಸ್ ಪೆಲ್ಹ್ಯಾಮ್‌ನದು. ಬೇಸಿಗೆಗೆ ಮಾತ್ರ ಊರಿಗೆ ಬರುವ ಮನುಷ್ಯ.

ಡೆಲ್ಫಿನಾ ರೇಡಿಯೋ ಕಿತ್ತುಕೊಂಡಳು. “ರಾಯ್ಸ್! ನನ್ನ ಜಾಡಿನ ಮೇಲೆ ನಿಂತಿದ್ದೀಯ. ಎತ್ತು ಆ ನಿನ್ನ ಬಾತ್‌ಟಬ್ಬನ್ನ!”

“ಸಮುದ್ರಕ್ಕೆ ಯಾವಾಗ ಬೇಲಿ ಹಾಕಿಸಿದ್ರಿ, ಮೇಡಂ?”

“ಆರು ಗಂಟೆ ಸುರಿದಿದ್ದೀನಿ ಕಣೋ!”

“ಹಾಗಾದ್ರೆ ತುಂಬಾ ಥ್ಯಾಂಕ್ಸ್,” ಎಂದಿತು ರೇಡಿಯೋ. ಹಿಂದೆ ಯಾರೋ ನಕ್ಕರು. ಹತ್ತು ನಿಮಿಷದಲ್ಲಿ ಪೆಲ್ಹ್ಯಾಮ್‌ನ ಕೋಲು ಬಿಲ್ಲಿನಂತೆ ಬಗ್ಗಿತು.

ಸಂಜೆ ನಾಲ್ಕಕ್ಕೆ ಸಂಘದ ಮುಂದೆ ಮಾಕೋ ಬಾಲಕ್ಕೆ ಹಗ್ಗ ಬಿಗಿದು ನೇತಾಡುತ್ತಿತ್ತು. 431 ಪೌಂಡು. ಜನ ಚಪ್ಪಾಳೆ ತಟ್ಟಿದರು. ಸಂಘದ ಅಧ್ಯಕ್ಷ ಹಾರ್ಲನ್ ವಿಟ್‌ಕಂಬ್ ಹಣೆ ಒರೆಸಿಕೊಳ್ಳುತ್ತ ನಿಂತಿದ್ದ. ಡೆಲ್ಫಿನಾ ಗುಂಪನ್ನು ಸೀಳಿಕೊಂಡು ಬಂದಳು. ಏಪ್ರನ್ನಿನ ರಕ್ತ ಇನ್ನೂ ಒಣಗಿರಲಿಲ್ಲ.

“ಹಾರ್ಲನ್, ಅದು ನನ್ನ ಜಾಡಿನ ಮೀನು.”

“ಮೀನಿನ ಮೇಲೆ ಹೆಸರು ಬರೆದಿರುತ್ತಾ, ಡೆಲ್?”

“ಬರೆದಿದೆ. ಹೊಟ್ಟೆ ಸೀಳಿಸು.”

ಹೇಗೂ ಸೀಳುವುದೇ. ಪ್ರತಿ ವರ್ಷ ಅಳತೆ ತೆಗೆಯಲು ಬರುವ ವಿಜ್ಞಾನಿ ಹೆಂಗಸು ಮೊಣಕೈವರೆಗೆ ಗವಸು ಏರಿಸಿ ಚಾಕು ಎಳೆದಳು. ಜಠರ ಬಿಚ್ಚಿಕೊಂಡಿತು. ಅರ್ಧ ಕರಗಿದ ಒಂದು ಮೀನು, ಎರಡು ಬೊಂಡಾಸು ಮೀನು, ಆಮೇಲೆ ಒಂದು ಇಡೀ ಬಂಗಡೆ. ಅವಳು ಅದನ್ನೆತ್ತಿ ಬೆಳಕಿಗೆ ಹಿಡಿದಳು.

“ಇದ್ಯಾರಪ್ಪಾ ಮೀನಿಗೆ ಆಪರೇಷನ್ ಮಾಡಿದ್ದು?”

ಹೊಟ್ಟೆಯುದ್ದಕ್ಕೂ ಕೆಂಪು ದಾರದ ಅಡ್ಡಹೊಲಿಗೆ. ಬೆರಳು ಒತ್ತಿದೊಡನೆ ಒಂದು ಮ್ಯಾಕರೋನಿ ಕಟ್ಟೆಯ ಮೇಲೆ ಬಿತ್ತು. ಅಂಥವೇ ಇನ್ನೆರಡು ಬಂಗಡೆ ಸಿಕ್ಕವು. ಈ ಸಲ ಯಾರೂ ನಗಲಿಲ್ಲ.

ಪೆಲ್ಹ್ಯಾಮ್ ಭುಜ ಕುಣಿಸಿದ. “ಊಟ ಅವರದೇ ಇರಬಹುದು. ಗಾಳ ನನ್ನದು.”

ಹಾರ್ಲನ್ ನಿಯಮದ ಪುಸ್ತಕ ತೆರೆದು, ಎರಡು ಹಾಳೆ ಮಗುಚಿ, ಮುಚ್ಚಿದ. “ಜಾಡಿನ ವಿಷಯ ನಿಯಮದಲ್ಲಿ ಎಲ್ಲೂ ಇಲ್ಲ, ಡೆಲ್. ನಾನೇನು ಮಾಡಲಿ? ನೋಡು, ಮಹಿಳೆಯರಿಗೆ ಒಂದು ಸಮಾಧಾನಕರ ಬಹುಮಾನ...”

ಅವನು ಮುಗಿಸುವ ಮೊದಲೇ ಝೆಫ್ ಊರುಗೋಲು ಹಿಡಿದು ಮುಂದೆ ಬಂದ. ಅರವತ್ತೆಂಟರ ಮುದುಕ, ಪೆಲ್ಹ್ಯಾಮ್‌ನತ್ತ ಬೆರಳು ತೋರಿಸಿದ. “ಥೂ! ಇನ್ನೊಬ್ಬರು ಬೆವರು ಸುರಿಸಿ ತಂದ ಮೀನಿಗೆ ತನ್ನ ಹೆಸರು ಬರೆಸ್ಕೊಳ್ಳೋನು ಒಬ್ಬ ಗಂಡಸೇನೋ, ರಾಯ್ಸ್? ಕಳ್ಳ! ಆ ಹಲಗೆ ನೋಡಿದಾಗೆಲ್ಲ ನಿನಗೆ ನಾಚ್ಕೆ ಆಗಲ್ವಾ?”

ಡೆಲ್ಫಿನಾ ಅವನತ್ತ ತಿರುಗಿದಳು. ಪೆಲ್ಹ್ಯಾಮ್‌ನನ್ನು ಮರೆತೇಬಿಟ್ಟಳು.

“ಇನ್ನೊಂದು ಸಲ ಹೇಳು, ಝೆಫ್.”

“ಏನು?”

“ಈಗ ಹೇಳಿದ್ಯಲ್ಲ. ಅದನ್ನೇ.”

ಝೆಫ್ ಹೇಳಲು ಹೊರಟ. ಅವನ ಕಣ್ಣು ಅವಳ ಭುಜದಾಚೆ, ತೆರೆದ ಬಾಗಿಲೊಳಗೆ, ಹಲಗೆಯ ಒಂಬತ್ತನೆಯ ಸಾಲಿಗೆ ಹೋಗಿ ಅಲ್ಲೇ ನಿಂತಿತು.

“ಡೆಲ್... ಕಾಲ ಹಂಗಿತ್ತು ಕಣೇ.”

“ಕಾಲಕ್ಕೆ ಬಾಯಿ ಇರಲಿಲ್ಲ. ನಿನಗಿತ್ತು. ಆ ಬಾಯಲ್ಲಿ ನಾನು ತಂದ ಕಾಫಿ ಕುಡ್ದೆ.”

“ನೀನೂ ಆವತ್ತು ಏನೂ ಹೇಳಲಿಲ್ಲವಲ್ಲ.”

“ಹೇಳಲಿಲ್ಲ! ನನ್ನ ಗಂಡ ಹೇಳ್ತಾನೆ ಅಂತ ಕಾಯ್ತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ಇವನು ಒಂದು ಮಧ್ಯಾಹ್ನ ನನ್ನ ಜಾಡಿನ ಮೇಲೆ ನಿಂತ. ನೀನು ಮೂವತ್ತನಾಲ್ಕು ವರ್ಷದಿಂದ ನಿಂತಿದ್ದೀಯ.”

ಸೊಂಟದ ಒರೆಯಿಂದ ಮೀನು ಕೊಯ್ಯುವ ಚಾಕು ತೆಗೆದಳು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಅವಳು ಹಿಡಿಯನ್ನು ಗಂಡನ ಕಡೆಗೆ ತಿರುಗಿಸಿ ಚಾಚಿದಳು.

“ಕೆರಿ.”

ಝೆಫ್ ಚಾಕು ತೆಗೆದುಕೊಂಡ. ಒಳಗೆ ಹೋಗಿ, ಕುರ್ಚಿ ಎಳೆದು, ನೋಯುವ ಸೊಂಟವನ್ನು ಹಿಡಿದುಕೊಂಡೇ ಹತ್ತಿ ನಿಂತ. ಯಾರೋ ಕೈ ಕೊಡಲು ಹೋದರು. “ಯಾರೂ ಮುಟ್ಟಬೇಡಿ,” ಎಂದಳು ಡೆಲ್ಫಿನಾ. “ಗಾಳದ ಕೋಲಿಗಿದ್ದ ನಿಯಮವೇ ಇದಕ್ಕೂ.”

“ಅದು ಸಂಘದ ಹಲಗೆ!” ಎಂದು ಹಾರ್ಲನ್ ಓಡಿಬಂದ.

“ಕೆರೀಬಾರದು ಅಂತ ನಿಯಮದಲ್ಲಿ ಎಲ್ಲಾದ್ರೂ ಇದ್ಯೇನೋ? ತೋರಿಸು.”

ಹಾರ್ಲನ್ ಪುಸ್ತಕ ತೆರೆಯಲಿಲ್ಲ. ಒಣಗಿದ ಬಣ್ಣದ ಚಕ್ಕೆಗಳು ಝೆಫ್‌ನ ಬೂಟಿನ ಮೇಲೆ ಉದುರುತ್ತ ಹೋದವು. ಕೊನೆಯಲ್ಲಿ 402 ಮಾತ್ರ ಉಳಿಯಿತು. ಝೆಫ್ ದೋಣಿಗೆ ನಡೆದುಹೋಗಿ, ಅದರ ಮೂತಿಗೆ ಹೆಸರು ಬರೆಯುವ ಕಪ್ಪು ಬಣ್ಣ, ಕುಂಚ ತಂದು ಮತ್ತೆ ಕುರ್ಚಿ ಹತ್ತಿದ. ಅಕ್ಷರಗಳು ಸೊಟ್ಟಗಾದವು. ‘ಡೆಲ್ಫಿನಾ’ ಎಂದು ಬರೆದು, ಮುಂದೆ ತನ್ನ ಮನೆತನದ ಹೆಸರಿಗೆ ಕುಂಚ ಎತ್ತಿದವನು ತಿರುಗಿ ಅವಳನ್ನು ನೋಡಿದ.

“ಅಷ್ಟು ಸಾಕು,” ಎಂದಳು.

ಹಲಗೆಯ ಕೊನೆಯ ಸಾಲು ಪೆಲ್ಹ್ಯಾಮ್‌ನಿಗೇ ಹೋಯಿತು. ಇಂದಿಗೂ ಇದೆ. ಮುಂದಿನ ಜುಲೈನಿಂದ ಅವನು ರೇಡಿಯೋದಲ್ಲಿ ಎಷ್ಟು ಕರೆದರೂ ಬಂದರಿನ ಒಂದು ದೋಣಿಯೂ ಓಗೊಡಲಿಲ್ಲ, ಎರಡನೆಯ ಬೇಸಿಗೆಗೆ ಅವನು ಬೇರೆ ಬಂದರು ಹುಡುಕಿಕೊಂಡ.

ಅವತ್ತು ದೋಣಿ ತೊಳೆಯುವಾಗ ಝೆಫ್ ಮೆಲ್ಲಗೆ ಕೇಳಿದ, “ಕೋಪ ಇಳೀತಾ, ಡೆಲ್?”

“ಇಲ್ಲ.” ಗಂಜಿಯ ಬಕೆಟ್ಟನ್ನು ಅವನತ್ತ ನೂಕಿದಳು. “ಉಜ್ಜು. ಆಮೇಲೆ ಮನೆಗೆ ಹೋಗಿ ಕಾಫಿ ಮಾಡು. ನನಗೂ ಒಂದು ಲೋಟ.”