ಅಮ್ಮನಿಗೆ ಬಂದದ್ದು ಟೈಫಾಯಿಡ್ ಅಲ್ಲ

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವಳು ಭೂತಗನ್ನಡಿ. ಎದುರಿಗೇ ಕರೆದರೂ ಅವಳಿಗೆ ಬೇಸರವಿಲ್ಲ, ಒಳಗೊಳಗೇ ಖುಷಿ. ದೀಪ ಹಾಕಿದ ಇಳಿಜಾರು ಹಲಗೆಯ ಮೇಲೆ ಥಾನುಗಟ್ಟಲೆ ಬಟ್ಟೆ ಇಳಿದು ಬರುತ್ತದೆ, ಅದರ ಮೇಲೆ ಅಂಗೈ ಇಟ್ಟು ಕೂತಿರುವುದೇ ಅವಳ ಕೆಲಸ. ಕಡಿದ ಎಳೆಯೋ, ದಾರದ ಗಂಟೋ, ಏನಿದ್ದರೂ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಿಬಿಡುತ್ತದೆ. ನೇಯ್ಗೆಯ ಮೇಸ್ತ್ರಿಗೇ ತಪ್ಪು ತೋರಿಸಿ, ಅವನು ಇಂಗು ತಿಂದ ಮಂಗನಂತಾದದ್ದೂ ಉಂಟು.

ಇಂಥ ಹೆಂಗಸು ತನ್ನ ಮೈಯನ್ನು ಮಾತ್ರ ಒಂದು ದಿನವೂ ಮುಟ್ಟಿ ನೋಡಿಕೊಂಡವಳಲ್ಲ. ವರ್ಷಕ್ಕೊಮ್ಮೆ ಕಾರ್ಖಾನೆಯ ಅಂಗಳಕ್ಕೆ ಸ್ತನ ತಪಾಸಣೆಯ ವ್ಯಾನ್ ಬರುತ್ತದೆ. ಅವತ್ತು ಅವಳಿಗೆ ತಪ್ಪದೆ ಹಲ್ಲುನೋವು. ಒಂದು ವರ್ಷ ಮನೆಯ ನಲ್ಲಿ ಒಡೆದಿತ್ತು, ಇನ್ನೊಂದು ವರ್ಷ ನಾದಿನಿ ಬರುವವಳಿದ್ದಳು. ಆ ನಾದಿನಿ ಇವತ್ತಿನವರೆಗೂ ಬಂದಿಲ್ಲ. ಜೊತೆಯವರು ಮೊದಮೊದಲು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು.

ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡಳು, ನಲವತ್ತೊಂದನೇ ವಯಸ್ಸಿಗೆ. ಎದೆಯಲ್ಲಿ ಗಂಟಾಗಿ, ಗಂಟು ಹುಣ್ಣಾಗಿ, ಕೊನೆಯ ನಾಲ್ಕು ತಿಂಗಳು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಗಾಯದ ಬಟ್ಟೆ ಬದಲಿಸಿದ್ದು, ಒಗೆದದ್ದು, ಯಾರ ಕಣ್ಣಿಗೂ ಬೀಳದಂತೆ ಬಚ್ಚಲಲ್ಲೇ ಒಣಗಿಸಿದ್ದು ಇವಳು. ಆರು ವರ್ಷದ ತಂಗಿಯನ್ನು ಆ ಕಡೆ ಸುಳಿಯಗೊಡುತ್ತಿರಲಿಲ್ಲ. ಎಲ್ಲ ಮುಗಿದ ದಿನ ಅಪ್ಪ ಇವಳನ್ನು ಪಕ್ಕಕ್ಕೆ ಕರೆದು, ಯಾರು ಕೇಳಿದರೂ ಟೈಫಾಯಿಡ್ ಅಂತ ಹೇಳು, ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಬೇಕು ಅಂದ. ಅಪ್ಪ ಕೆಟ್ಟವನಲ್ಲ, ಹೆದರಿದವನು. ಅವಳು ಹಾಗೇ ಅಂದಳು: ನೆರೆಯವರಿಗೆ, ತಂಗಿಗೆ, ಗಂಡನಿಗೆ, ಕೊನೆಗೆ ಮಗಳಿಗೆ. ಹೇಳಿ ಹೇಳಿ ಆ ಸುಳ್ಳು ಎಷ್ಟು ನಯವಾಯಿತೆಂದರೆ ಅವಳಿಗೇ ಎಲ್ಲೂ ತೊಡರುತ್ತಿರಲಿಲ್ಲ. ಭಯ ಮಾತ್ರ ಇದ್ದಲ್ಲೇ ಇತ್ತು.

ಈ ವರ್ಷ ಮಗಳಿಗೂ ಅದೇ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ವ್ಯಾನಿನಲ್ಲಿ ತೆಗೆಯುವ ಎದೆಯ ಎಕ್ಸ್‌ರೇ ಫೋಟೊ ನಲವತ್ತು ದಾಟಿದವರಿಗೆ, ಫಾರ್ಮ್ ಮಾತ್ರ ಎಲ್ಲ ಹೆಂಗಸರಿಗೂ. ವ್ಯಾನ್ ಬರುವ ದಿನ ಬೆಳಿಗ್ಗೆ ಇವಳು ಕೆನ್ನೆಗೆ ಕೈ ಹಚ್ಚಿ ಹಲ್ಲುನೋವಿನ ತಯಾರಿಯಲ್ಲಿದ್ದರೆ, ಮಗಳು ಅಡುಗೆಮನೆಯಲ್ಲಿ ಕೂತು ಫಾರ್ಮ್ ತುಂಬುತ್ತಿದ್ದಳು. ತಾಯಿ, ಅಜ್ಜಿ, ಚಿಕ್ಕಮ್ಮ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತೇ ಎಂಬ ಸಾಲು ಬಂತು. ಮಗಳು ತಲೆ ಕೂಡ ಎತ್ತಲಿಲ್ಲ. ಅಜ್ಜಿಗೆ ಟೈಫಾಯಿಡ್ ಎಂದು ತನಗೆ ತಾನೇ ಹೇಳಿಕೊಂಡು, ದುಂಡು ಅಕ್ಷರದಲ್ಲಿ ‘ಯಾರಿಗೂ ಇಲ್ಲ’ ಎಂದು ಬರೆದಳು.

ತನ್ನ ಬಾಯಲ್ಲಿ ಸಲೀಸಾಗಿ ಓಡಾಡಿಕೊಂಡಿದ್ದ ಮಾತು ಮಗಳ ಅಕ್ಷರದಲ್ಲಿ ಕಂಡಾಗ ಅವಳ ಕೈ ಕೆನ್ನೆಯಿಂದ ಇಳಿಯಿತು. ತಾನು ತನ್ನ ಪಾಡಿಗೆ ಹೆದರಿಕೊಂಡು ಇರಬಹುದು. ಈ ಹುಡುಗಿ ಏನು ಪಾಪ ಮಾಡಿದ್ದಾಳೆ?

“ಅದನ್ನ ಹೊಡೆದು ಹಾಕು,” ಅಂದಳು. “ಅಜ್ಜಿಗೆ ಬಂದಿದ್ದು ಟೈಫಾಯಿಡ್ ಅಲ್ಲ.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಕೋಣೆ, ಅದರ ವಾಸನೆ, ಬಚ್ಚಲಲ್ಲಿ ಒಣಗದೇ ಉಳಿದ ಬಟ್ಟೆ, ಅಪ್ಪನ ಮಾತು, ಎಲ್ಲ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ಇಬ್ಬರೂ ಏಳಲಿಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಮಗಳು ಬೈಯುತ್ತಾಳೆಂದು ಕಾದಳು. ಮಗಳು ಬೈಯಲಿಲ್ಲ, ಪುಟ್ಟ ಹುಡುಗಿಯನ್ನು ಸಮಾಧಾನ ಮಾಡುವವಳಂತೆ ಅವಳನ್ನು ತಬ್ಬಿಕೊಂಡು ಬೆನ್ನು ಸವರಿದಳು. ಆಮೇಲೆ ಕಣ್ಣೊರೆಸಿಕೊಂಡು, “ನಿನ್ನ ಫಾರ್ಮ್ ಎಲ್ಲಮ್ಮ?” ಅಂತ ಕೇಳಿದಳು.

ಹಲ್ಲುನೋವು ಅಲ್ಲಿಗೆ ವಾಸಿಯಾಯಿತು.

ವ್ಯಾನಿನೊಳಗೆ ತಣ್ಣಗಿನ ತಟ್ಟೆ ಎದೆಗೆ ತಾಗಿದಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಫೋಟೊ ತೆಗೆಯುವ ಹೆಂಗಸು ಮೆಲುದನಿಯವಳು. ಇನ್ನೊಂದೇ ನಿಮಿಷ ಅನ್ನುತ್ತಲೇ ಮುಗಿಸಿಬಿಟ್ಟಳು. ನಾಲ್ಕು ದಿನದ ಮೇಲೆ ಫಲಿತಾಂಶ ಬಂತು. ಸದ್ಯ ಏನೂ ಇಲ್ಲ, ಆದರೆ ಇನ್ನು ವರ್ಷ ವರ್ಷ ತಪ್ಪಿಸಬಾರದು. ಮಗಳಿಗೆ ಯಾವಾಗಿನಿಂದ ಶುರು ಮಾಡಬೇಕೆಂಬುದನ್ನೂ ಡಾಕ್ಟರು ಬರೆದುಕೊಟ್ಟು, ಅಕ್ಕತಂಗಿಯರಿದ್ದರೆ ಅವರಿಗೂ ಹೇಳಿ ಅಂದರು.

ತಂಗಿ ಇರುವುದು ನಾಲ್ಕು ಗಂಟೆ ದಾರಿಯ ಊರಿನಲ್ಲಿ, ಶಾಲೆಯ ಟೀಚರು. ಊಟದ ಬಿಡುವಿನಲ್ಲಿ ಥಾನುಗಳ ನಡುವೆ ನಿಂತು ಫೋನ್ ಮಾಡಿದಳು. ಈ ಸಲ ಮಾತು ಅಷ್ಟು ಕಷ್ಟವಾಗಲಿಲ್ಲ. ಮೂವತ್ತೆಂಟು ವರ್ಷ ನನ್ನಿಂದ ಯಾಕೆ ಬಚ್ಚಿಟ್ಟೆ ಎಂದು ತಂಗಿ ಹರಿಹಾಯಬಹುದು, ಅನ್ನಿಸಿಕೊಳ್ಳಲು ತಯಾರಾಗಿಯೇ ನಿಂತಿದ್ದಳು. ಆ ಕಡೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು, ತಂಗಿ ಅದರಿಂದ ದೂರ ಸರಿದಳು.

“ಅಕ್ಕ,” ಅಂದಳು. “ನಂಗೆ ಎಡಗಡೆ ಒಂದು ಗಂಟು ಕೈಗೆ ಸಿಗ್ತಿದೆ. ಮೂರು ತಿಂಗಳಾಯ್ತು. ನಮ್ಮ ಮನೇಲಿ ಯಾರಿಗೂ ಇಲ್ವಲ್ಲ ಅಂತ ಸುಮ್ನಿದ್ದೆ.”

ಅವಳು ಗಡಿಯಾರ ನೋಡಿದಳು. ಅಪ್ಪನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಅಳುವುದಕ್ಕೆ ಈಗ ಹೊತ್ತಿರಲಿಲ್ಲ.

“ಭಯ ಆಗ್ತಿದೆ,” ಅಂದಳು ತಂಗಿ.

“ನಂಗೂ ಆಗ್ತಿದೆ ಕಣೇ. ಎರಡೂವರೆ ಬಸ್ಸಿಗೆ ಹೊರಟೆ. ನಾಳೆ ಬೆಳಿಗ್ಗೆ ಇಬ್ರೂ ಆಸ್ಪತ್ರೆಗೆ ಹೋಗೋಣ.”

ತಂಗಿ ಶಾಲೆಗೆ ಅರ್ಧ ದಿನ ರಜೆ ಹಾಕಿ ತನ್ನ ಮನೆಗೆ ಹೋದಳು. ಬಸ್ಸಿನ ನಾಲ್ಕು ಗಂಟೆಯೂ ಇಬ್ಬರೂ ಫೋನ್ ಇಡಲಿಲ್ಲ. ಕೊನೆಯ ದಿನಗಳಲ್ಲಿ ಅಮ್ಮ ಹೇಗಿದ್ದಳು, ಏನು ತಿನ್ನುತ್ತಿದ್ದಳು, ನನ್ನನ್ನು ಕೇಳುತ್ತಿದ್ದಳಾ ಎಂದು ತಂಗಿ ಒಂದೊಂದಾಗಿ ಕೇಳುತ್ತ ಹೋದಳು. ಇವಳು ಒಂದನ್ನೂ ಬಿಡದೆ, ಇದ್ದದ್ದು ಇದ್ದ ಹಾಗೆ ಹೇಳುತ್ತ ಹೋದಳು.