ಬಲಗಡೆಯ ಕಾಲಂ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ, ಫ್ಲೆಕ್ಸು ಮಾಡಿಕೊಡುವ ಅಂಗಡಿಯಲ್ಲಿ ನನ್ನದು ಕಂಪ್ಯೂಟರ್ ಕೆಲಸ. ಈಗೀಗ ಲಗ್ನಪತ್ರಿಕೆಯ ಜೊತೆಗೆ ಮೊಬೈಲಿನಲ್ಲಿ ಕಳಿಸಲು ಒಂದು ವೆಬ್ ಪೇಜನ್ನೂ ಕೇಳುತ್ತಾರೆ. ಹೆಸರು, ಮುಹೂರ್ತ, ಛತ್ರ ಎಲ್ಲವನ್ನೂ ಎಚ್‌ಟಿಎಂಎಲ್‌ನಲ್ಲಿ ಬರೆಯುವುದು. ಯಾವುದು ಎಲ್ಲಿ ಕೂರಬೇಕು, ಎಷ್ಟು ಅಗಲ ಇರಬೇಕು ಅನ್ನುವುದನ್ನು ಸಿಎಸ್‌ಎಸ್‌ನಲ್ಲಿ ಹೇಳುವುದು. ಊರಿನವರದ್ದೆಲ್ಲ ಮಾಡಿಕೊಟ್ಟವಳು ನನ್ನ ಮದುವೆಯದನ್ನು ಬೇರೆಯವರ ಕೈಗೆ ಕೊಡುತ್ತೇನೆಯೇ?

ಹುಡುಗ ಅರಕಲಗೂಡಿನವನು. ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಗಣಿತದ ಪಾಠ ಮಾಡುತ್ತಿದ್ದ. ಕಾಲೇಜಿನ ಪೇಜು ಮಾಡಿಸಲು ಅಂಗಡಿಗೆ ಬಂದವನು, ಕೆಲಸ ಮುಗಿದ ಮೇಲೂ ಬರುತ್ತಲೇ ಇದ್ದ. ಬಣ್ಣ ಬದಲಾಯಿಸಿ ಅನ್ನುವುದು, ಬದಲಾಯಿಸಿದರೆ ಹಳೆಯದೇ ಚೆನ್ನಾಗಿತ್ತು ಅನ್ನುವುದು. ನನಗೋ ಮೂಗಿನ ತುದಿಯಲ್ಲೇ ಕೋಪ. "ನಿಮಗೇನ್ ಮಾಡಕ್ಕೆ ಬೇರೆ ಕೆಲ್ಸ ಇಲ್ವೇನ್ರಿ?" ಅಂದೆ. "ಇಲ್ಲ ಕಣ್ರಿ" ಅಂದು ನಕ್ಕ. ಆ ನಗುವಿಗೆ ಬಿದ್ದುಹೋದೆ. ಎರಡೂ ಮನೆಯವರು ಒಪ್ಪಿ ನಿಶ್ಚಿತಾರ್ಥವೂ ಆಯಿತು. ಆಗೆಲ್ಲ ಅವನನ್ನು 'ಅವರು' ಅನ್ನುತ್ತಿದ್ದೆ. ಈಗ 'ಅವನು' ಅಂದರೆ ಸಾಕು.

ಪೇಜಿನಲ್ಲಿ ಎರಡು ಕಾಲಂ ಮಾಡಿದ್ದೆ. ಎಡಗಡೆ ಅವನ ಹೆಸರು, ಅಪ್ಪ ಅಮ್ಮ, ಸೋದರಮಾವ, ಬಂಧುಗಳು, ಬಲಗಡೆ ನಮ್ಮದು. ಅಕ್ಷರ ಮುದ್ದೆಯಾಗಬಾರದು ಅಂತ, ಇದಕ್ಕಿಂತ ಕಿರಿದಾಗಬೇಡ ಎಂದು ಎರಡಕ್ಕೂ ಒಂದು ಕನಿಷ್ಠ ಅಗಲ ಕೊಟ್ಟಿದ್ದೆ. ಅಂಗಡಿಯ ದೊಡ್ಡ ಪರದೆಯಲ್ಲಿ ಎರಡೂ ಹಸೆಮಣೆಯ ಮೇಲೆ ಕೂತ ಹಾಗೆ ಅಕ್ಕಪಕ್ಕ ಕೂತವು. ಸಂಭ್ರಮ ತಡೆಯಲಾರದೆ, ಮೊಬೈಲಿನಲ್ಲಿ ಒಮ್ಮೆ ತೆರೆದು ಕೂಡ ನೋಡದೆ, ಎಲ್ಲರಿಗೂ ಕಳಿಸಿಬಿಟ್ಟೆ. ಮೊಬೈಲಿನಲ್ಲಿ ಎರಡಕ್ಕೂ ಜಾಗ ಸಾಲದೆ ಬಲಗಡೆಯದು ಎಡಗಡೆಯದರ ಕೆಳಕ್ಕೆ ಇಳಿದಿತ್ತು. ಗಂಡಿನ ಕಡೆಯವರ ಹೆಸರೆಲ್ಲ ಮುಗಿದ ಮೇಲೆ, ಇನ್ನೂ ಬೆರಳಿನಲ್ಲಿ ತಳ್ಳುತ್ತಾ ಹೋದರೆ ನಾವು ಸಿಗುತ್ತಿದ್ದೆವು.

ಬೆಳಿಗ್ಗೆಯೇ ದೊಡ್ಡಪ್ಪ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. "ಅಲ್ಲ ಕಣವ್ವ, ನಮ್ನೆಲ್ಲ ಅವ್ರ ಕಾಲತ್ರ ಕೂರಿಸ್ಬುಟ್ಟಿದ್ದೀಯಲ್ಲ! ನಾವೇನ್ ಅಷ್ಟು ಕಡ್ಮೆಯೋರಾ?"

"ಅದು ಜಾಗ ಸಾಲ್ದೆ ಕೆಳಕ್ಕೆ ಬಿದ್ದೈತೆ ದೊಡ್ಡಪ್ಪ," ಅಂದೆ.

"ಅವ್ರದ್ಯಾಕ್ ಬೀಳ್ನಿಲ್ಲ ಮತ್ತೆ?"

ಅದಕ್ಕೆ ಉತ್ತರವಿತ್ತು. ಮೊದಲು ಬರೆದದ್ದು ಮೇಲೆ ಉಳಿಯುತ್ತದೆ, ಆಮೇಲೆ ಬರೆದದ್ದು ಕೆಳಗೆ ಹೋಗುತ್ತದೆ. ಅವನನ್ನು ಮೊದಲು ಬರೆದವಳು ನಾನೇ. ಅದನ್ನು ದೊಡ್ಡಪ್ಪನಿಗೆ ಹೇಳುವುದು ಹೇಗೆ? ಸುಮ್ಮನೆ ಅಂಗಡಿಗೆ ಹೋಗಿ ಕನಿಷ್ಠ ಅಗಲ ತೆಗೆದುಹಾಕಿದೆ. ಪರದೆ ಎಷ್ಟೇ ಚಿಕ್ಕದಿದ್ದರೂ ಎರಡು ಸಮಪಾಲು ಮಾಡು ಅಂತ ಬರೆದು, ಅಕ್ಷರ ಸ್ವಲ್ಪ ಸಣ್ಣದು ಮಾಡಿದೆ. ಮೊಬೈಲಿನಲ್ಲೂ ಅಕ್ಕಪಕ್ಕ ಬಂದವು. ಅಬ್ಬಾ, ಸದ್ಯ ಅಂದುಕೊಂಡೆ.

ಸಂಜೆ ಅವನ ಸೋದರಮಾವ ಅಪ್ಪನಿಗೆ ಫೋನ್ ಮಾಡಿದರು. ಆ ಮನೆಯಲ್ಲಿ ಮಾತೆಲ್ಲ ಈ ಮಾವನದೇ. "ಏನ್ ಬೀಗ್ರೆ, ಬೆಳಿಗ್ಗೆ ಮೇಲಿದ್ದೋರ್ನ ಸಂಜೆಗೆ ಕೆಳಕ್ಕೆ ಎಳ್ದವ್ಳಲ್ಲ ನಿಮ್ಮುಡ್ಗಿ! ಈಗ್ಲೇ ಇಂಗಾದ್ರೆ ಮನೆ ತುಂಬುಸ್ಕಂಡ್ ಮೇಲೆ ಎಂಗೆ? ಮದ್ಲು ಎಂಗಿತ್ತೋ ಅಂಗೇ ಮಾಡ್ಸಿ."

ಅಪ್ಪ ನನ್ನ ಮುಖ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಫೋನ್ ಮಾಡಿದೆ.

"ಮಾವ ಹೇಳ್ದಂಗೆ ಮಾಡ್ಬುಡು ಕಣೆ," ಅಂದ. "ಮೇಲಿದ್ರೇನು, ಕೆಳಗಿದ್ರೇನು?"

"ಏನೂ ಇಲ್ಲ ಅಂದ್ರೆ ನಮ್ದೇ ಮೇಲಿರ್ಲಿ. ಒಂದು ಸಾಲು ಬರೆದ್ರೆ ಮೇಲಕ್ಕೆ ಬತ್ತದೆ. ಬರೀಲಾ?"

"ಅಯ್ಯೋ, ಮಾವ ಸುಮ್ನಿರಕಿಲ್ಲ ಕಣೆ."

"ಅದೂ ಬೇಡ," ಅಂದೆ. "ಅಕ್ಕಪಕ್ಕ ಇರ್ಲಿ ಅಂತ ನೀವೇ ಹೇಳಿದ್ದು ಅಂತ ನಿಮ್ಮಾವಂಗೆ ಒಂದು ಮಾತು ಹೇಳ್ರಿ. ಅಷ್ಟು ಸಾಕು ನಂಗೆ."

"ಅವ್ರೆದುರಿಗೆ ನಾನ್ ಯಾವತ್ತೂ ಮಾತಾಡಿಲ್ಲ ಕಣೆ. ನಿಂಗೊತ್ತಲ್ಲ."

ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದೇ ಆಗ.

ಆ ಒಂದು ಮಾತಿಗಾಗಿ ಕಾದೆ. ಪೇಜನ್ನು ಮುಟ್ಟಲಿಲ್ಲ. ಅವನೊಬ್ಬ ಬಾಯಿಬಿಟ್ಟಿದ್ದರೆ ನಾನೇ ಕೈಯಾರೆ ನನ್ನ ಹೆಸರನ್ನು ಕೆಳಕ್ಕೆ ಇಳಿಸುತ್ತಿದ್ದೆ, ದೇವರಾಣೆ. ಅವನು ಫೋನ್ ಮಾಡಲಿಲ್ಲ. ಮಾವನೇ ಮಾಡಿ, ಈ ಸಂಬಂಧ ನಮಗೆ ಬೇಡ ಅಂದುಬಿಟ್ಟರು. "ಓದ್ರೆ ಓಯ್ತು ಬುಡವ್ವ, ನಿಂಗೇನ್ ಗಂಡು ಸಿಕ್ಕಕಿಲ್ವಾ?" ಅಂದ ದೊಡ್ಡಪ್ಪ, ಅವತ್ತು ನಮ್ಮನೆಯಲ್ಲಿ ಊಟಕ್ಕೆ ಕೂತವರು ತಟ್ಟೆಯ ಮುಂದೆಯೇ ಕಣ್ಣೊರೆಸಿಕೊಂಡರು. ನಾನು ತಿಂದೆನೋ ಬಿಟ್ಟೆನೋ ನೆನಪಿಲ್ಲ.

ಅರಕಲಗೂಡಿನಲ್ಲಿ ಅವನ ಮನೆಯವರು ನಮ್ಮ ಮದುವೆಗೆಂದು ಛತ್ರ ಹಿಡಿದಾಗಿತ್ತು. ಅದೇ ದಿನಕ್ಕೆ ಮಾವ ಹಾಸನದ ಕಡೆಯ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದರು ಅಂತ ಸುದ್ದಿ ಬಂತು. ಸುಳ್ಳಿರಬೇಕು ಅಂದುಕೊಂಡೆ. ಒಂದು ಮಧ್ಯಾಹ್ನ ಅವನು ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಂತ. ಬಂದೇಬಿಟ್ಟ, ಮಾವನಿಗೆ ಹೇಳಿಯೇ ಬಂದಿದ್ದಾನೆ ಅಂತ ಕುರ್ಚಿಯಿಂದ ಎದ್ದೇಬಿಟ್ಟೆ.

"ಮಾವ ಕಳ್ಸಿದ್ರು," ಅಂದ, ನೆಲ ನೋಡಿಕೊಂಡು. "ಆ ಪೇಜು ಹೆಂಗೂ ರೆಡಿ ಐತಲ್ಲ. ಎಡಗಡೇದು ಹಂಗೇ ಇರ್ಲಿ, ಬಲಗಡೆ ಹೆಸ್ರು ಬದಲಾಯ್ಸಿದ್ರೆ ಸಾಕಂತೆ. ಮೊಬೈಲಲ್ಲಿ ಮದ್ಲು ಬತ್ತಿತ್ತಲ್ಲ, ಹಂಗೇ ಬರ್ಲಿ. ಆ ಹುಡ್ಗಿ ಕಡೆಯೋರು ಏನೂ ಅನ್ನಲ್ಲ."

ಥೂ ನಾಚಿಕೆಗೆಟ್ಟವನೇ ಅನ್ನಬೇಕಿತ್ತು. ಮಾಡಲ್ಲ ಹೋಗಿ ಅನ್ನಬಹುದಿತ್ತು. "ಕೂತ್ಕಳಿ," ಅಂದೆ. ಇನ್ನೊಂದು ಸ್ವಲ್ಪ ಹೊತ್ತು ಅವನು ನನ್ನ ಕಣ್ಣೆದುರು ಇರಲಿ ಅನ್ನುವ ಆಸೆ, ಅಷ್ಟೇ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಅವನನ್ನು ಅಷ್ಟು ಹಚ್ಚಿಕೊಂಡಿದ್ದೆ.

ತೆಗೆದುಹಾಕಿದ್ದ ಕನಿಷ್ಠ ಅಗಲವನ್ನು ಮತ್ತೆ ಬರೆದೆ. ನನ್ನ ಹೆಸರು ಅಳಿಸಿ, ಅವನು ಹೇಳಿದಂತೆ ಆ ಹುಡುಗಿಯ ಹೆಸರು ಹೊಡೆದೆ. ಅಪ್ಪನ ಹೆಸರು ಹೋಯಿತು, ದೊಡ್ಡಪ್ಪನ ಹೆಸರು ಹೋಯಿತು, ಯಾರ್ಯಾರದೋ ಬಂದವು. ಕಾಲಂ ಒಂದಿಷ್ಟೂ ಅಲುಗಲಿಲ್ಲ. ಅವನು ಮೊಬೈಲಿನಲ್ಲಿ ತೆರೆದು ಕೆಳಗಿನವರೆಗೂ ನೋಡಿದ.

"ಇಷ್ಟೇನಾ?" ಅಂದ. "ಇಷ್ಟ್ ಬೇಗ ಆಗೋಯ್ತಾ?"

"ಹೂಂ," ಅಂದೆ. "ಆಗೋಯ್ತು."